ಒಂದು ಸೆಕೆಂಡಿನ ಹಾಡು ಯಾರದು?

ಆಂಟಾಪ್ ಹಿಲ್ಲಿನ ಕೇಂದ್ರ ಸರಕಾರಿ ನೌಕರರ ವಸತಿಗಳಲ್ಲಿ ಬಾಳಿದ ಕನ್ನಡಿಗರಿಗೆ ಎಂಬತ್ತರ ದಶಕದ ಸಂಜೆಗಳು ಮರೆತಿರಲಾರವು. ಕಚೇರಿಯಿಂದ ಬಂದ ತಂದೆಯವರು ಚಹ ಮುಗಿಸಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರೆಂದರೆ ಒಂದು ಮನೆಯಿಂದ ದಾಸರ ಪದ, ಇನ್ನೊಂದರಿಂದ ಚಿತ್ರಗೀತೆ, ಮೂರನೆಯ ಮಹಡಿಯಿಂದ ಚೆಂಡೆಯ ಪೆಟ್ಟು. ನಮ್ಮದು ಆ ಮೂರನೆಯ ಮಹಡಿಯ ಮನೆ. ಊರಿನಿಂದ ಯಾರಾದರೂ ಒಂದು ಯಕ್ಷಗಾನ ಕ್ಯಾಸೆಟ್ ತಂದರೆ ಮಾರ್ಕೆಟ್ಟಿನ ಅಂಗಡಿಯವನಲ್ಲಿ ಕೊಟ್ಟು, ಖಾಲಿ ಕ್ಯಾಸೆಟ್ಟಿನ ಬೆಲೆಯ ಮೇಲೆ ಕೆಲವು ರೂಪಾಯಿ ತೆತ್ತು, ಅದರ ನಾಲ್ಕು ಪ್ರತಿ ಮಾಡಿಸಿ ನಾಲ್ಕು ಮನೆಗಳಿಗೆ ಹಂಚುವುದು ಆಗ ಪರೋಪಕಾರವೆಂದೇ ಎಣಿಕೆಯಾಗಿತ್ತು. ಅದು ಕಾನೂನಿನ ಕಣ್ಣಿಗೆ ಕಳವು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಬಿಡುತ್ತಿದ್ದೆವೆಂದು ಹೇಳುವ ಧೈರ್ಯ ನನಗಿಲ್ಲ.

ಆ ಕ್ಯಾಸೆಟ್ಟುಗಳಲ್ಲೊಂದು ಇತ್ತೀಚೆಗೆ ಮತ್ತೆ ಹೊರಬಿತ್ತು. ನನ್ನ ತಂಗಿಯ ಸಂಸಾರ ಈಗಲೂ ಅದೇ ಕಾಲನಿಯಲ್ಲಿದೆ. ಅವಳ ಮಗ ಹಗಲು ನೌಕರಿ ಮಾಡಿ ರಾತ್ರಿ ಕಿವಿಗೆ ಹೆಡ್‌ಫೋನು ಏರಿಸಿಕೊಂಡು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಹುಡುಗ. ಯಾವ ಕಂಪನಿಯ ಹಂಗೂ ಇಲ್ಲದೆ, ತಾನೇ ರಚಿಸಿ ತಾನೇ ಅಂತರ್ಜಾಲಕ್ಕೆ ಏರಿಸುವ ಪಂಥದವನು. ಅಜ್ಜನ ಕೈಬರಹದಲ್ಲಿ 'ಪಂಚವಟಿ' ಎಂದಷ್ಟೇ ಬರೆದಿದ್ದ ಕ್ಯಾಸೆಟ್ಟಿನಿಂದ ಭಾಗವತರ ಒಂದು ಎಳೆತ, ಚೆಂಡೆಯ ಒಂದು ಉರುಳಿಕೆ ಕತ್ತರಿಸಿ, ಅದನ್ನೇ ಆವರ್ತಿಸಿ, ಕೆಳಗೆ ವಿದ್ಯುನ್ಮಾನ ತಾಳ ಜೋಡಿಸಿ ನಾಲ್ಕು ನಿಮಿಷದ ಒಂದು ಕೃತಿ ಮಾಡಿದ. ನನಗೆ ಅದರ ಗದ್ದಲ ರುಚಿಸಲಿಲ್ಲವಾದರೂ ಭಾಗವತರ ದನಿ ಬಂದಾಗ ಮೈ ಜುಮ್ಮೆಂದದ್ದು ಸುಳ್ಳಲ್ಲ. ಏರಿಸಿದ ಮರುದಿನವೇ ಅದು ಮಾಯವಾಯಿತು. ಯಾವುದೋ ಧ್ವನಿಮುದ್ರಣ ಸಂಸ್ಥೆಯ ಹಕ್ಕಿಗೆ ಚ್ಯುತಿಯಾಗಿದೆಯೆಂದು ಯಂತ್ರವೊಂದು ಪತ್ತೆ ಹಚ್ಚಿ ನೋಟೀಸು ಕಳಿಸಿತ್ತು. 'ಮಾಮಾ, ಅಜ್ಜನ ಕ್ಯಾಸೆಟ್ಟು ಅಜ್ಜನದ್ದಲ್ಲವೆ?' ಎಂದು ಅವನು ಕೇಳಿದ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಅನೇಕ ಮನೆಗಳ ಮಕ್ಕಳು ಈಗ ಇದೇ ಹವ್ಯಾಸದಲ್ಲಿರುವುದರಿಂದ ಉಪಯೋಗವಾದೀತು.

ಈ ದೇಶದಲ್ಲಿ ಧ್ವನಿಯನ್ನು ತಟ್ಟೆಯಲ್ಲಿ ಹಿಡಿದು ಮಾರುವ ಉದ್ಯಮ ಬೇರೂರಿದ್ದು 1902ರ ನವೆಂಬರಿನಲ್ಲಿ, ಕಲಕತ್ತೆಯಲ್ಲಿ ಗೌಹರ್ ಜಾನಳ ಕಂಠವನ್ನು ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡಾಗ. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳೆಂಬುದು ಪ್ರಸಿದ್ಧ. ಹೆಸರು ಆಕೆಯದಾಯಿತು, ಹಕ್ಕು ಆಕೆಯದಾಗಲಿಲ್ಲ. 1914ರಲ್ಲಿ ಬ್ರಿಟಿಷ್ ಕಾಯಿದೆಯನ್ನು ಅನುಸರಿಸಿ ಬಂದ ಕೃತಿಸ್ವಾಮ್ಯ ಕಾಯಿದೆಯಾಗಲಿ, ಸ್ವತಂತ್ರ ಭಾರತ 1957ರಲ್ಲಿ ಮಾಡಿಕೊಂಡು 1958ರ ಜನವರಿಯಲ್ಲಿ ಜಾರಿಗೆ ತಂದ ಕಾಯಿದೆಯಾಗಲಿ ಹಾಡುವವರನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 1957ರ ಕಾಯಿದೆಯ ಪ್ರಕಾರ ರೆಕಾರ್ಡಿನ 'ಕರ್ತೃ' ಯಾರು ಗೊತ್ತೆ? ಹಾಡಿದವನಲ್ಲ, ನುಡಿಸಿದವನಲ್ಲ. ರೆಕಾರ್ಡು ಅಚ್ಚಾಗುವ ಮೂಲ ತಟ್ಟೆ ಯಾರ ಸ್ವತ್ತೋ ಅವನು! ಇನ್ನೊಂದು ವಿಚಿತ್ರವೂ ಆ ಕಾಯಿದೆಯಲ್ಲಿತ್ತು. ಸಂಗೀತ ಕೃತಿಯೆಂದರೆ ಬರಹಕ್ಕೆ ಅಥವಾ ಅಚ್ಚಿಗೆ ಇಳಿದ ಸಂಗೀತ ಮಾತ್ರ. ಸ್ವರಲಿಪಿಯಲ್ಲಿ ಬರೆದಿಡುವ ಪಾಶ್ಚಾತ್ಯರಿಗೆ ಅದು ಸರಿಯೇ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿಯುವ ನಮ್ಮ ಸಂಗೀತಕ್ಕೆ, ಅದರಲ್ಲೂ ಭಾಗವತರು ರಂಗಸ್ಥಳದಲ್ಲಿ ನಿಂತ ನಿಲುವಿನಲ್ಲೇ ಬೆಳೆಸುವ ರಾಗಕ್ಕೆ, ಇದು ಎಲ್ಲಿಯ ನ್ಯಾಯ? 1994ರ ತಿದ್ದುಪಡಿ ಬರುವವರೆಗೆ ಈ ಷರತ್ತು ಕಾಯಿದೆಯಲ್ಲಿ ಕುಳಿತೇ ಇತ್ತು.

1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ದೊಡ್ಡ ವ್ಯಾಜ್ಯ ಬಂತು. ಸಂಗೀತ ಸಂಯೋಜಕರ ಮತ್ತು ಗೀತಕಾರರ ಪರವಾಗಿ ಹಕ್ಕುಶುಲ್ಕ ವಸೂಲಿ ಮಾಡಲೆಂದು 1969ರಲ್ಲಿ ಹುಟ್ಟಿದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಒಂದು ಕಡೆ, ಚಿತ್ರೋದ್ಯಮದವರು ಇನ್ನೊಂದು ಕಡೆ. ಸಂಯೋಜಕನಿಗೆ ಹಣ ಕೊಟ್ಟು ಹಾಡು ಮಾಡಿಸಿದ ನಿರ್ಮಾಪಕನೇ ಅದರ ಒಡೆಯ, ಬೇರೆ ಕರಾರಿಲ್ಲದಿದ್ದರೆ ಚಿತ್ರ ಪ್ರದರ್ಶನಕ್ಕೆ ಸಂಯೋಜಕನಿಗೆ ಮತ್ತೆ ಏನೂ ಕೊಡಬೇಕಾಗಿಲ್ಲ ಎಂದು ತೀರ್ಪಾಯಿತು. ಅದೇ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ಟಿಪ್ಪಣಿ ಸೇರಿಸಿದರು. ನಮ್ಮ ದೇಶದಲ್ಲಿ ಸಂಗೀತವೆಂದರೆ ಹಾಡುವವನ ಕಂಠ. ಕಾಯಿದೆಯಾದರೋ ಕಾಗದದ ಮೇಲಿನದನ್ನು ಕಾಯುತ್ತದೆ, ಕಂಠವನ್ನು ಕಾಯುವುದಿಲ್ಲ, ಶಾಸಕರು ಇದನ್ನು ಯೋಚಿಸಬೇಕು ಎಂಬುದು ಅದರ ಸಾರ. ಶಾಸಕರು ಯೋಚಿಸಲು ಹದಿನೇಳು ವರ್ಷ ತೆಗೆದುಕೊಂಡರು. 1994ರ ತಿದ್ದುಪಡಿಯಲ್ಲಿ 'ಪ್ರದರ್ಶಕರ ಹಕ್ಕು' ಮೊದಲ ಬಾರಿಗೆ ಕಾಣಿಸಿಕೊಂಡಿತು. ಮೊದಲು 25 ವರ್ಷಗಳ ಅವಧಿ, 1999ರಲ್ಲಿ ಅದು 50 ಆಯಿತು.

ಅಷ್ಟರಲ್ಲಿ ಕ್ಯಾಸೆಟ್ ಬಂದು ಎಲ್ಲವನ್ನೂ ತಲೆಕೆಳಗು ಮಾಡಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಡಬ್ಬಿ ನಮ್ಮ ಮಧ್ಯಮ ವರ್ಗದ ಮನೆಗಳನ್ನು ತುಂಬಿದ್ದು ಎಂಬತ್ತರ ದಶಕದಲ್ಲಿ. ರೆಕಾರ್ಡು ಅಚ್ಚು ಹಾಕಲು ಕಾರ್ಖಾನೆ ಬೇಕು, ಕ್ಯಾಸೆಟ್ ನಕಲಿಗೆ ಎರಡು ಯಂತ್ರ ಸಾಕು. ದೊಡ್ಡ ಕಂಪನಿಗಳು ಮುಟ್ಟದ ಹರಿಕಥೆ, ಭಜನೆ, ತುಳು ಪಾಡ್ದನ, ತಾಳಮದ್ದಳೆಗಳಿಗೆ ಈ ಅಗ್ಗದ ಡಬ್ಬಿಯೇ ದಾರಿ ಮಾಡಿಕೊಟ್ಟಿತು. ಕಾಳಿಂಗ ನಾವಡರ ಪದ್ಯಗಳನ್ನು ಮೇಳದ ಚಪ್ಪರದಲ್ಲಿ ಎಂದೂ ಕುಳಿತು ಕೇಳದ ಮುಂಬಯಿಯ ಹೊಟೇಲು ಕಾರ್ಮಿಕರು ಕೂಡ ಗುನುಗುತ್ತಿದ್ದುದು ಕ್ಯಾಸೆಟ್ಟಿನ ದಯದಿಂದಲೇ. ಕಳ್ಳನಕಲಿನ ಹಾವಳಿ ಎಷ್ಟಾಯಿತೆಂದರೆ 1984ರಲ್ಲಿ ಸರಕಾರ ಕಾಯಿದೆಗೆ ತಿದ್ದುಪಡಿ ತಂದು ಶಿಕ್ಷೆ ಹೆಚ್ಚಿಸಿತು. ಪ್ರತಿ ಕ್ಯಾಸೆಟ್ಟಿನ ಮೇಲೂ ತಯಾರಕನ ಹೆಸರು, ವಿಳಾಸ, ಹಕ್ಕುದಾರನ ಹೆಸರು, ಪ್ರಕಟಣೆಯ ವರ್ಷ ಇರಲೇಬೇಕೆಂದು ವಿಧಿಸಿತು. ನಮ್ಮ ತಂದೆಯವರ ಕ್ಯಾಸೆಟ್ಟಿನ ಮೇಲೆ ಇದ್ದುದು ಅವರ ಕೈಬರಹ ಮಾತ್ರವೆಂದು ಆಗಲೇ ಹೇಳಿದ್ದೇನೆ.

ಇದೇ ಹೊತ್ತಿನಲ್ಲಿ ಈ ಮುಂಬಯಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ಆಗ ಯಾರೂ ಗಮನಿಸಲಿಲ್ಲ. ಹಿಂದಿ ಚಿತ್ರಗಳ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಎಂಬ ಕಲಾವಿದರು ಜಪಾನಿನ ರೋಲೆಂಡ್ ಕಂಪನಿಯ ಮೂರು ವಿದ್ಯುನ್ಮಾನ ಯಂತ್ರಗಳನ್ನು ಕೂಡಿಸಿ, ಭೈರವ, ತೋಡಿ, ಯಮನ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿದರು. 1982ರಲ್ಲಿ ಎಚ್.ಎಂ.ವಿ. ಅದನ್ನು ಹೊರತಂದಿತು, ಮಾರಾಟವಾಗಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಹಾಲೆಂಡಿನ ಸಂಗ್ರಾಹಕರೊಬ್ಬರಿಗೆ ಅದರ ಪ್ರತಿ ದಿಲ್ಲಿಯಲ್ಲಿ ಸಿಕ್ಕಿ, 2010ರಲ್ಲಿ ಮರುಮುದ್ರಣವಾದಾಗ ಪಶ್ಚಿಮದವರು ಬೆರಗಾದರು. ಅಮೆರಿಕದ ಶಿಕಾಗೋದಲ್ಲಿ ಹುಟ್ಟಿತೆಂದು ತಿಳಿದಿದ್ದ ಒಂದು ನೃತ್ಯಸಂಗೀತದ ಧಾಟಿ ಅದಕ್ಕೂ ಮುಂಚೆ ಮುಂಬಯಿಯಲ್ಲಿ ಕೇಳಿಸಿತ್ತು! ಚರಣಜಿತ್ ಸಿಂಗ್ 2015ರ ಜುಲೈಯಲ್ಲಿ ತೀರಿಕೊಂಡರು. ನಮ್ಮ ಚರ್ಚೆಗೆ ಬೇಕಾದ ಅಂಶವೆಂದರೆ ಅವರು ರಾಗಗಳನ್ನು ಬಳಸಿದ್ದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ರಾಗ ಯಾರ ಆಸ್ತಿಯೂ ಅಲ್ಲ. ಅವರು ಕೈಯಿಂದಲೇ ನುಡಿಸಿದ್ದರು, ಯಾರ ಧ್ವನಿಯನ್ನೂ ಕತ್ತರಿಸಿರಲಿಲ್ಲ.

ಕತ್ತರಿಸುವ ವಿದ್ಯೆಗೆ 'ಸ್ಯಾಂಪ್ಲಿಂಗ್' ಎಂದು ಹೆಸರು. ಬೇರೆ ಧ್ವನಿಮುದ್ರಿಕೆಯ ತುಣುಕನ್ನು ಎತ್ತಿ ಹೊಸ ಕೃತಿಯಲ್ಲಿ ಹೊಲಿಯುವುದು. ಹಳೆಯ ಸೀರೆಗಳ ತುಂಡಿನಿಂದ ನಮ್ಮ ಅಜ್ಜಿಯಂದಿರು ಕೌದಿ ಹೊಲಿಯುತ್ತಿದ್ದ ಹಾಗೆ. ಆದರೆ ಅಜ್ಜಿ ಹರಿದದ್ದು ತನ್ನ ಸೀರೆಯನ್ನೇ! ಎಂಬತ್ತರ ದಶಕದಲ್ಲಿ ಇದಕ್ಕೆಂದೇ ಯಂತ್ರಗಳು ಬಂದವು. ಅಮೆರಿಕದಲ್ಲಿ 1991ರ ಒಂದು ಪ್ರಕರಣದಲ್ಲಿ ನ್ಯಾಯಾಧೀಶರು ಕದಿಯಬೇಡ ಎಂಬ ಬೈಬಲಿನ ಆಜ್ಞೆಯಿಂದಲೇ ತೀರ್ಪು ಆರಂಭಿಸಿದರು. 2005ರಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರಿಗೂ ಅನುಮತಿ ಬೇಕೆಂದಿತು. 2016ರಲ್ಲಿ ಇನ್ನೊಂದು ನ್ಯಾಯಾಲಯ ಕಾಲು ಸೆಕೆಂಡಿಗೂ ಕಡಿಮೆಯ ತುಣುಕನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲವೆಂದಿತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1977ರ ಕೃತಿಯಿಂದ 1997ರಲ್ಲಿ ಎತ್ತಿದ ಎರಡು ಸೆಕೆಂಡಿನ ತಾಳಕ್ಕಾಗಿ ನಡೆದ ಮೊಕದ್ದಮೆ ಎರಡು ದಶಕ ಎಳೆದು, 2019ರಲ್ಲಿ ಐರೋಪ್ಯ ನ್ಯಾಯಾಲಯದ ಬಾಗಿಲಿನಲ್ಲಿತ್ತು. ಕಿವಿಗೆ ಗುರುತು ಸಿಗದಷ್ಟು ಮಾರ್ಪಡಿಸಿದ್ದರೆ ತಪ್ಪಲ್ಲವೆಂದು ಆ ನ್ಯಾಯಾಲಯ ಹೇಳಿತು. ಎರಡು ಸೆಕೆಂಡಿಗೆ ಇಪ್ಪತ್ತು ವರ್ಷ. ವಕೀಲರ ಮನೆಗಳಲ್ಲಿ ಸಂಗೀತಕ್ಕೆ ಒಳ್ಳೆಯ ಮರ್ಯಾದೆಯಿರಬೇಕು.

ನಮ್ಮ ಮುಂಬಯಿಯ ಹಾಡುಗಳೂ ಆ ಕಟಕಟೆ ಹತ್ತಿವೆ. 1981ರ 'ಜ್ಯೋತಿ' ಚಿತ್ರಕ್ಕೆ ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಒಂದು ಗೀತೆಯ ಧಾರಾಳ ಭಾಗ 2002ರಲ್ಲಿ ಅಮೆರಿಕದ ಒಂದು ಜನಪ್ರಿಯ ಹಾಡಿನಲ್ಲಿ, ಹೇಳದೆ ಕೇಳದೆ, ಕಾಣಿಸಿಕೊಂಡಿತು. ಲಾಹಿರಿಯವರು ಲಾಸ್ ಏಂಜಲಿಸಿನಲ್ಲಿ ದಾವೆ ಹೂಡಿದರು. 2003ರಲ್ಲಿ, ಅವರ ಹೆಸರು ನಮೂದಿಸುವವರೆಗೆ ಆ ಮುದ್ರಿಕೆಯ ಮಾರಾಟಕ್ಕೆ ತಡೆಯಾಜ್ಞೆಯೂ ಬಂತು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಮುಂದಿನದು ಅಷ್ಟು ಸುದ್ದಿಯಾಗಲಿಲ್ಲ. ಹಾಡು ಮಾಡಿದವರು ಲಾಹಿರಿಯೇ ಆದರೂ ಹಣ ಕೊಟ್ಟು ಮಾಡಿಸಿದವರು ನಿರ್ಮಾಪಕರಲ್ಲವೆ? ನಮ್ಮದೇ ಸರ್ವೋಚ್ಚ ನ್ಯಾಯಾಲಯದ 1977ರ ತೀರ್ಪು ಸಮುದ್ರ ದಾಟಿ ಹೋಗಿ ಅವರಿಗೆ ಎದುರಾಯಿತು. ಕೃತಿಸ್ವಾಮ್ಯ ಅವರಲ್ಲಿಲ್ಲವೆಂದು ದಾವೆ ಬಿದ್ದುಹೋಯಿತು. ಅಷ್ಟೇ ಅಲ್ಲ, ಒಡೆತನವಿಲ್ಲದೆ ವರ್ಷಗಟ್ಟಲೆ ದಾವೆ ಎಳೆದುದಕ್ಕೆ ಅವರ ವಕೀಲರ ಮೇಲೆ 2,47,000 ಡಾಲರಿಗೂ ಮಿಕ್ಕಿದ ದಂಡ ಬಿತ್ತು, 2010ರಲ್ಲಿ ಮೇಲ್ಮನವಿಯಲ್ಲೂ ಅದು ಊರ್ಜಿತವಾಯಿತು.

ಇನ್ನೊಂದು 'ಆರಾಧನಾ' ಚಿತ್ರದ್ದು. ಎಸ್.ಡಿ. ಬರ್ಮನ್ನರ 'ಬಾಗೋಂ ಮೇಂ ಬಹಾರ್ ಹೈ' ನೆನಪಿಲ್ಲದವರು ನಮ್ಮ ಓದುಗರಲ್ಲಿ ಇರಲಾರರು. ಅದರಿಂದ ಸುಮಾರು ಒಂದು ಸೆಕೆಂಡಿನ ತುಣುಕನ್ನು 2005ರ ಒಂದು ಅಮೆರಿಕನ್ ಹಾಡಿನಲ್ಲಿ ಬಳಸಲಾಗಿದೆಯೆಂದು ಸಾರೆಗಮ, ಅಂದರೆ ಹಳೆಯ ಗ್ರಾಮಾಫೋನ್ ಕಂಪನಿ, ಫ್ಲಾರಿಡಾದಲ್ಲಿ ಮೊಕದ್ದಮೆ ಹೂಡಿತು. ನ್ಯಾಯಾಲಯ ಹಾಡಿಗಿಂತ ಮೊದಲು ಕೇಳಿದ್ದು ಕಾಗದವನ್ನು. 1967ರಲ್ಲಿ ಶಕ್ತಿ ಫಿಲಂಸ್ ಜೊತೆ ಮಾಡಿಕೊಂಡ ಕರಾರನ್ನು ಸಾಲು ಸಾಲಾಗಿ ಓದಿ, ಕಂಪನಿಗೆ ಆ ಮುದ್ರಣದ ಮೇಲೆ ದೊರೆತಿದ್ದ ಏಕಸ್ವಾಮ್ಯ ಎರಡೇ ವರ್ಷದ್ದೆಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯ ನಿರ್ಣಯಿಸಿತು. ಮುಂಬಯಿಯ ಯಾವುದೋ ಮೇಜಿನ ಮೇಲೆ ಸಹಿ ಬಿದ್ದ ಒಂದು ಕಾಗದ, ನಲವತ್ತನಾಲ್ಕು ವರ್ಷಗಳ ಮೇಲೆ, ಭೂಗೋಳದ ಇನ್ನೊಂದು ಮಗ್ಗುಲಲ್ಲಿ ಸಾಕ್ಷಿ ಹೇಳಿತು!

ಈ ಎರಡು ಪ್ರಕರಣಗಳನ್ನು ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಹಾಡಿದವರು, ಸಂಯೋಜಿಸಿದವರು, ಮುದ್ರಿಸಿದವರು, ಹಣ ಹಾಕಿದವರು, ಇವರಲ್ಲಿ ತಮ್ಮದು ಯಾವುದೆಂದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. 2012ರ ತಿದ್ದುಪಡಿ ಇದನ್ನು ಒಂದಿಷ್ಟು ತಿಳಿಗೊಳಿಸಿತು. ಗೀತಕಾರರೂ ಸಂಯೋಜಕರೂ ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ಹಕ್ಕುಶುಲ್ಕದಲ್ಲಿ ತಮ್ಮ ಸಮಪಾಲನ್ನು ಬರೆದುಕೊಟ್ಟರೂ ಕಳೆದುಕೊಳ್ಳಲಾರರು ಎಂದಾಯಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ವಾದಿಸಿದ್ದು ಹಲವರಿಗೆ ನೆನಪಿರಬಹುದು. ಹಳೆಯ ಹಾಡನ್ನು ಬೇರೆಯವರಿಂದ ಹಾಡಿಸಿ ಕ್ಯಾಸೆಟ್ ಮಾಡುವ 'ವರ್ಷನ್' ವ್ಯಾಪಾರಕ್ಕೂ ಬಿಗಿ ಬಂತು. ಮೂಲ ಬಂದು ಎರಡು ವರ್ಷ ಕಳೆದರೆ ಸಾಕು ಎಂದಿದ್ದುದು ಐದು ವರ್ಷವಾಯಿತು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಹಕ್ಕುಶುಲ್ಕ ಮುಂಗಡ ಕಟ್ಟಬೇಕೆಂದಾಯಿತು. ದೊಡ್ಡ ವ್ಯಾಪಾರಿಗೆ ಇದು ಸರಿ. ಒಂದು ಕೋಣೆಯಲ್ಲಿ ಕುಳಿತು ನೂರಿನ್ನೂರು ಜನರಿಗಾಗಿ ಸಂಗೀತ ಮಾಡುವ ಹುಡುಗನಿಗೆ 50,000 ಪ್ರತಿಗಳ ಲೆಕ್ಕವೆಂದರೆ ಬಾಗಿಲು ಮುಚ್ಚಿದಂತೆಯೇ. ಇದು ಆ ಕಾಯಿದೆಯ ಕೊರತೆಯೆಂದೇ ನನ್ನ ಅಭಿಪ್ರಾಯ.

ಕನ್ನಡದ್ದೇ ಆದ ಒಂದು ಪ್ರಕರಣ ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು. ಶಿವರಾಮ ಕಾರಂತರು ಯಕ್ಷಗಾನವನ್ನು ಇಡೀ ರಾತ್ರಿಯ ಬಯಲಾಟದಿಂದ ಕೆಲವು ಗಂಟೆಗಳ ನೃತ್ಯರೂಪಕಕ್ಕೆ ಇಳಿಸಿ, ವೇಷಭೂಷಣ ಮಾರ್ಪಡಿಸಿ, ಪಿಟೀಲು ಸ್ಯಾಕ್ಸೋಫೋನುಗಳನ್ನು ಹಿಮ್ಮೇಳಕ್ಕೆ ಕೂಡಿಸಿ 'ಯಕ್ಷರಂಗ'ವನ್ನು ಕಟ್ಟಿದರಷ್ಟೆ. 1997ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ, 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ನಿನವರು ದಿಲ್ಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆ ಧಾಟಿಯಲ್ಲಿ ಆಡಿದರು. ಕಾರಂತರು 1994ರಲ್ಲಿ ಬರೆದ ಉಯಿಲಿನಿಂದ ಹಕ್ಕು ಪಡೆದಿದ್ದ ಮಾಲಿನಿ ಮಲ್ಯರು ಉಡುಪಿಯ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪ್ರಸಂಗಗಳು ಪುರಾಣದವು, ಕಲೆ ಪರಂಪರೆಯದು, ಇದರಲ್ಲಿ ಒಬ್ಬರ ಸ್ವಾಮ್ಯ ಎಲ್ಲಿಯದು ಎಂದು ಕೇಳಿದವರು ಆಗ ಬಹಳ. ಉಡುಪಿ, ಹೈಕೋರ್ಟು ದಾಟಿ 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅದು ಮುಗಿಯಿತು. ಅಭಿಮನ್ಯುವಿನ ಕಥೆ ಎಲ್ಲರದು. ಆದರೆ ವೇಷ, ನೃತ್ಯ, ನಿರ್ದೇಶನಗಳಲ್ಲಿ ಕಾರಂತರು ಕಲ್ಪಿಸಿದ ರೂಪ ಅವರದು, ಅವರ ನಂತರ ಅವರ ವಾರಸಿನದು. ಕಾಯಿದೆಯ 52ನೆಯ ಕಲಮಿನ ವಿನಾಯಿತಿಗಳು ಮಾತ್ರ ಇದ್ದೇ ಇರುತ್ತವೆಂದು ನ್ಯಾಯಾಲಯ ಸೇರಿಸಿತು. ನಮ್ಮಂಥ ಸಂಘಗಳ ಪದಾಧಿಕಾರಿಗಳು ಇಲ್ಲಿ ಕಿವಿ ನಿಮಿರಿಸಬಹುದು. ಹವ್ಯಾಸಿ ಸಂಘವೊಂದು ಟಿಕೆಟ್ಟಿಲ್ಲದೆ ಆಡುವ ಪ್ರದರ್ಶನ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಪ್ರದರ್ಶನ ಈ ವಿನಾಯಿತಿಯೊಳಗೆ ಬರುತ್ತವೆ.

ಈಚೆಗೆ 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ಹಾಡಿನ ಬಗ್ಗೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆಕ್ಷೇಪವೆತ್ತಿ, ಕೋಝಿಕ್ಕೋಡಿನ ನ್ಯಾಯಾಲಯದಿಂದ ತಡೆ ಬಂದು, ಚಿತ್ರ ಮನೆಯ ಪರದೆಗೆ ಬಂದಾಗ ಹಾಡಿನ ರಾಗವೇ ಬದಲಾಗಿ, ಮತ್ತೆ ಹಳೆಯದು ಮರಳಿದ್ದನ್ನು ಎಲ್ಲರೂ ಬಲ್ಲರು. ಅದು ಹೋಲಿಕೆಯ ತಕರಾರು, ಕತ್ತರಿಕೆಯದಲ್ಲ. ಆದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಅವನ ನಾಲ್ಕು ನಿಮಿಷದೊಳಗೆ ಕಾನೂನು ಮೂರು ಪದರಗಳನ್ನು ಕಾಣುತ್ತದೆ. ಮೊದಲನೆಯದು ಪದ್ಯ. 'ಪಂಚವಟಿ' ಕುಂಬಳೆಯ ಪಾರ್ತಿಸುಬ್ಬನದೆಂಬುದು ರೂಢಿ. ಮುಳಿಯ ತಿಮ್ಮಪ್ಪಯ್ಯನವರು ಹೌದೆಂದರು, ಕಾರಂತರು ಒಪ್ಪಲಿಲ್ಲ, ಆ ಜಗಳ ವಿದ್ವಾಂಸರದು. ಯಾರೇ ಬರೆದಿರಲಿ, ಕರ್ತೃವಿನ ಮರಣಾನಂತರದ 60 ವರ್ಷ ಎಂದೋ ಕಳೆದಿದೆ. ಅದು ಎಲ್ಲರ ಸೊತ್ತು. ಎರಡನೆಯದು ಭಾಗವತರ ಕಂಠ. ಅದಕ್ಕೆ ಕಾಯಿದೆ ತಡವಾಗಿಯಾದರೂ ಮನ್ನಣೆ ಕೊಟ್ಟ ಬಗೆಯನ್ನು ಮೇಲೆ ಹೇಳಿದ್ದೇನೆ. ಮೂರನೆಯದು ಧ್ವನಿಮುದ್ರಣ. ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಮುದ್ರಿಸಿದವನದು. ಕ್ಯಾಸೆಟ್ಟು 1986ರದಾದರೆ 2046ರ ಕೊನೆಯವರೆಗೆ. ಆ ಮುದ್ರಣವನ್ನು ಒಳಗೊಂಡ ಇನ್ನೊಂದು ಮುದ್ರಣ ಮಾಡುವ ಹಕ್ಕೂ ಅವನದೇ ಎಂದು 14ನೆಯ ಕಲಮು ಹೇಳುತ್ತದೆ. ಮನೆಯಲ್ಲಿ ಕುಳಿತು ಸ್ವಂತಕ್ಕೆ ಕೇಳಿಕೊಳ್ಳಲು, ಅಭ್ಯಾಸ ಮಾಡಲು, ವಿಮರ್ಶಿಸಲು ವಿನಾಯಿತಿಯುಂಟು. ಜಗತ್ತಿಗೆ ಏರಿಸಲು ಇಲ್ಲ. ಅಜ್ಜನದಾಗಿದ್ದದ್ದು ಆ ಪ್ಲಾಸ್ಟಿಕ್ ಡಬ್ಬಿ ಮತ್ತು ಅದರ ಮೇಲಿನ ಅಕ್ಷರ.

ಅವನಿಗೆ ಇದು ಕಹಿಯಾಯಿತು. 'ನೀವೆಲ್ಲ ನಾಲ್ಕು ನಾಲ್ಕು ಪ್ರತಿ ಮಾಡಿಸಿದ್ದಕ್ಕೆ ನೋಟೀಸು ಬಂದಿತ್ತೆ?' ಎಂದ. ಉತ್ತರವಿರಲಿಲ್ಲ. ಆದರೆ ಆ ನೋಟೀಸಿನಿಂದಲೇ ನಮಗೆ ಮೂಲ ಕ್ಯಾಸೆಟ್ಟಿನ ಕಂಪನಿಯ ಹೆಸರು ಮೊದಲ ಸಲ ತಿಳಿಯಿತೆಂಬುದೂ ನಿಜ. ನಲವತ್ತು ವರ್ಷ ಕೇಳಿದರೂ ನಾವದನ್ನು ವಿಚಾರಿಸಿರಲಿಲ್ಲ. ಅನುಮತಿ ಕೇಳಿ ಅವರಿಗೊಂದು ಪತ್ರ ಬರೆದ. ಮೂರು ತಿಂಗಳಾಯಿತು, ಮಾರೋಲೆ ಬಂದಿಲ್ಲ.

ಕಾದು ಬೇಸತ್ತು ಅವನು ಬೇರೆ ದಾರಿ ಹಿಡಿದ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಹವ್ಯಾಸಿ ಮೇಳಕ್ಕೆ ಚೆಂಡೆ ಬಾರಿಸುವ ಒಬ್ಬರನ್ನು ಒಂದು ಭಾನುವಾರ ಕರೆತಂದು ಕಟ್ಟಡದ ಮಾಳಿಗೆಯಲ್ಲಿ ಕೂರಿಸಿದ. ಪದ್ಯ ಹಾಡಿದವಳು ನನ್ನ ತಂಗಿ; ತಂದೆಯವರ ಕ್ಯಾಸೆಟ್ಟು ಕೇಳಿ ಕೇಳಿ ಅವಳಿಗೆ ಅದು ಬಾಯಿಪಾಠ. ಹಾಡಿದ್ದು ಭಾಗವತರ ಹಾಗಿರಲಿಲ್ಲ, ಎರಡು ಕಡೆ ಶ್ರುತಿಯೂ ಜಾರಿತು. ನಡುವೆ ಗುರು ತೇಗ್ ಬಹಾದ್ದೂರ್ ನಗರದ ಕಡೆಯಿಂದ ಹಾರ್ಬರ್ ಗಾಡಿಯ ಸೀಟಿ ಕೇಳಿಸಿದ್ದನ್ನು ಹುಡುಗ ಹಾಗೆಯೇ ಉಳಿಸಿಕೊಂಡ. 'ಆರಾಧನಾ'ದ ಕಥೆ ಕೇಳಿದ್ದನಾದ್ದರಿಂದ ಒಂದು ಹಾಳೆಯಲ್ಲಿ ಕರಾರನ್ನೂ ಬರೆದ. ನುಡಿಸಿದ್ದು ಯಾರು, ಹಾಡಿದ್ದು ಯಾರು, ಬಂದುದರಲ್ಲಿ ಯಾರಿಗೆಷ್ಟು, ಎಷ್ಟು ವರ್ಷದವರೆಗೆ. ಚೆಂಡೆಯವರು ನಕ್ಕು, ಓದದೆಯೇ ಸಹಿ ಹಾಕಲು ಪೆನ್ನು ತೆಗೆದರು. ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಓದಿಸಿಯೇ ಹಾಕಿಸಿದೆವು.